ಸ್ಕ್ಯಾನ್ ನಾರ್ಮಲ್ ಎಂದಾಕ್ಷಣ ನೋವು ಸುಳ್ಳಾಗದು

ಪದವಿಪೂರ್ವ ಕಾಲೇಜಿನ ಹಾಜರಿ ಪುಸ್ತಕವನ್ನು ಗಮನವಿಟ್ಟು ನೋಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಕೆಲವು ಹುಡುಗಿಯರ ಹೆಸರಿನ ಮುಂದೆ ಪ್ರತಿ ತಿಂಗಳೂ ಎರಡೋ ಮೂರೋ ದಿನ ಗೈರುಹಾಜರಿಯ ಗುರುತು. ಅದೂ ಹೆಚ್ಚುಕಡಿಮೆ 28ರಿಂದ 30 ದಿನಗಳ ಅಂತರದಲ್ಲಿ. ಕಾರಣ ಕೇಳಿದರೆ 'ಹುಷಾರಿರಲಿಲ್ಲ' ಎಂಬ ಒಂದೇ ಉತ್ತರ. ಶಿರಾಳಕೊಪ್ಪ, ಆನವಟ್ಟಿ ಸುತ್ತಿನ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಶಿಕಾರಿಪುರಕ್ಕೋ ಸೊರಬಕ್ಕೋ ಓದಲು ಬರುವ ಹುಡುಗಿ, ಕಿಬ್ಬೊಟ್ಟೆ ಹಿಂಡುವ ನೋವಿನಲ್ಲಿ ಬಸ್ಸಿನಲ್ಲಿ ನಿಂತುಕೊಂಡು ಬರುವುದಾದರೂ ಹೇಗೆ?

'ಎಲ್ಲ ಹೆಣ್ಣುಮಕ್ಕಳಿಗೂ ಇರುವುದೇ, ಸಹಿಸಿಕೊಳ್ಳಬೇಕು' ಎನ್ನುತ್ತಾರೆ ಅಜ್ಜಿ. ಜೀರಿಗೆ ಕಷಾಯವಾಗುತ್ತದೆ, ಬಿಸಿನೀರಿನ ಶಾಖವಾಗುತ್ತದೆ, ಔಷಧಿ ಅಂಗಡಿಯಿಂದ ತಂದ ಮಾತ್ರೆಯೂ ಆಗುತ್ತದೆ. ಕೊನೆಗೊಂದು ದಿನ ಅಪ್ಪ ಗದ್ದೆ ಕೆಲಸ ಬಿಟ್ಟು ಮಗಳನ್ನು ಪೇಟೆಗೆ ಕರೆತಂದು ಸ್ಕ್ಯಾನ್ ಮಾಡಿಸುತ್ತಾರೆ. ವರದಿಯಲ್ಲಿ 'ನಾರ್ಮಲ್' ಎಂದು ಬರುತ್ತದೆ. ಮನೆಯವರಿಗೆಲ್ಲ ಸಮಾಧಾನ. ಆದರೆ ಮುಂದಿನ ತಿಂಗಳು ಅದೇ ನೋವು ಬಂದಾಗ ಅವಳ ಕಿವಿಗೆ ಬೀಳುವ ಮಾತೇ ಬೇರೆ: 'ಸ್ಕ್ಯಾನ್‌ನಲ್ಲೇ ಏನೂ ಇಲ್ಲವಂತೆ. ಪರೀಕ್ಷೆ ಹತ್ತಿರ ಬಂತಲ್ಲ, ಅದಕ್ಕೇ ಈ ನಾಟಕ.'

ಈ ಮಾತು ವೈದ್ಯಶಾಸ್ತ್ರದ ಪ್ರಕಾರವೇ ತಪ್ಪು. ಸ್ಕ್ಯಾನ್ ಯಂತ್ರಕ್ಕೆ ಕಾಣುವುದು ಏನು, ಕಾಣದೆ ಉಳಿಯುವುದು ಏನು ಎಂಬುದನ್ನು ತಂದೆತಾಯಿಗಳೂ ವಿದ್ಯಾರ್ಥಿನಿಯರೂ ಅರಿತುಕೊಂಡರೆ, ಎಷ್ಟೋ ಮಕ್ಕಳ ಓದು ಹಾಳಾಗುವುದು ತಪ್ಪೀತು.

ಏನಿದು ರೋಗ?

ಗರ್ಭಕೋಶದ ಒಳಗೋಡೆಗೆ ಒಂದು ಮೆತ್ತನೆಯ ಪೊರೆಯಿದೆ. ಪ್ರತಿ ತಿಂಗಳೂ ಅದು ದಪ್ಪವಾಗಿ ಬೆಳೆದು, ಗರ್ಭ ನಿಲ್ಲದಿದ್ದರೆ ಕಳಚಿ ರಕ್ತದೊಡನೆ ಹೊರಬೀಳುತ್ತದೆ. ಇದೇ ಮುಟ್ಟು. ಕೆಲವರಲ್ಲಿ ಈ ಪೊರೆಯಂಥದೇ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆದುಕೊಳ್ಳುತ್ತದೆ. ಅಂಡಾಶಯದ ಮೇಲೆ, ಹೊಟ್ಟೆಯ ಒಳಪದರದ ಮೇಲೆ, ಕೆಲವೊಮ್ಮೆ ಕರುಳು, ಮೂತ್ರಕೋಶಗಳ ಮೇಲೂ ಅದು ಇರಬಹುದು. ತಿಂಗಳ ಹಾರ್ಮೋನುಗಳ ಏರಿಳಿತಕ್ಕೆ ಅದೂ ಸ್ಪಂದಿಸುತ್ತದೆ. ಆದರೆ ಅಲ್ಲಿ ಸೋರಿದ ರಕ್ತಕ್ಕೆ ಹೊರಹೋಗುವ ದಾರಿಯಿಲ್ಲ. ಹೀಗಾಗಿ ಸುತ್ತಲೂ ಉರಿಯೂತ, ನೋವು, ಕಾಲಕ್ರಮದಲ್ಲಿ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದು. ಇದಕ್ಕೆ ಎಂಡೊಮೆಟ್ರಿಯೋಸಿಸ್ ಎಂದು ಹೆಸರು. ಅಮೆರಿಕದ ಸ್ತ್ರೀರೋಗ ತಜ್ಞ ಜಾನ್ ಸ್ಯಾಂಪ್ಸನ್ 1920ರ ದಶಕದಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಮುಟ್ಟಿನ ರಕ್ತದ ಒಂದಂಶ ಗರ್ಭನಾಳಗಳ ಮೂಲಕ ಹಿಂದಕ್ಕೆ ಹರಿದು ಹೊಟ್ಟೆಯೊಳಗೆ ಬೀಳುವುದೇ ಇದಕ್ಕೆ ಮೂಲ ಎಂಬುದು ಅವರ ವಾದ. ಪೂರ್ಣ ಕಾರಣ ಇಂದಿಗೂ ಬಿಡಿಸಲಾಗದ ಗಂಟಾಗಿಯೇ ಉಳಿದಿದೆ.

ಇದು ಅಂಟುರೋಗವಲ್ಲ, ಕ್ಯಾನ್ಸರೂ ಅಲ್ಲ. ಅಪರೂಪದ್ದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮುಟ್ಟಾಗುವ ವಯಸ್ಸಿನ ಸ್ತ್ರೀಯರಲ್ಲಿ ಸುಮಾರು ಶೇಕಡಾ 10ರಷ್ಟು ಮಂದಿಗೆ, ಅಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಜನರಿಗೆ ಇದು ಇದೆ.

ಮಂಗ ಸತ್ತರೆ ಕಾಣುತ್ತದೆ

ಸೊರಬ ತಾಲ್ಲೂಕಿನವರಿಗೆ ಒಂದು ರೋಗದ ಕಥೆ ಚೆನ್ನಾಗಿ ಗೊತ್ತು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತುಬಿದ್ದವು. ಸುತ್ತಲಿನ ಹಳ್ಳಿಗಳ ಜನ ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ರೋಗಾಣುವನ್ನು ಹುಡುಕಿ, ಅದನ್ನು ಹರಡುವುದು ಉಣುಗು ಎಂದು ಕಂಡುಕೊಂಡರು. ಸೊರಬದ ಒಂದು ಹಳ್ಳಿಯ ಹೆಸರು ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿತು. ಸತ್ತ ಮಂಗ ಎಲ್ಲರ ಕಣ್ಣಿಗೂ ಕಾಣುತ್ತದೆ. ಆದ್ದರಿಂದ ಹುಡುಕಾಟವೂ ಬೇಗ ನಡೆಯಿತು.

ಎಂಡೊಮೆಟ್ರಿಯೋಸಿಸ್‌ಗೆ ಈ ಅನುಕೂಲವಿಲ್ಲ. ಹಿಂದೆ ಮೂರು ದಿನ ಹೊರಗೆ ಕೂರುವ ಪದ್ಧತಿಯಿದ್ದ ಮನೆಗಳಲ್ಲಿ ಹುಡುಗಿ ಮೂಲೆಯಲ್ಲಿ ಮುದುಡಿ ಮಲಗಿದ್ದರೂ ಯಾರೂ ಅದನ್ನು ರೋಗವೆಂದು ಎಣಿಸುತ್ತಿರಲಿಲ್ಲ. ಈಗ ಹಾಜರಿ ಪುಸ್ತಕ ಎಣಿಸುತ್ತದೆ, ಆದರೆ ಕಾರಣ ಬರೆಯುವುದಿಲ್ಲ. ನೋವು ಶುರುವಾದಂದಿನಿಂದ ರೋಗಕ್ಕೆ ಹೆಸರು ಸಿಗುವವರೆಗೆ ಬೇರೆ ಬೇರೆ ದೇಶಗಳಲ್ಲಿ 4ರಿಂದ 12 ವರ್ಷಗಳೇ ಹಿಡಿಯುತ್ತವೆ ಎಂದು ಅಧ್ಯಯನಗಳು ಹೇಳುತ್ತವೆ. ಎಸ್ಸೆಸ್ಸೆಲ್ಸಿಯಲ್ಲಿ ಶುರುವಾದ ನೋವಿಗೆ ಪದವಿ ಮುಗಿದ ಮೇಲೆ ಹೆಸರು ಸಿಕ್ಕರೆ ಏನು ಪ್ರಯೋಜನ?

ಯಾವ ನೋವನ್ನು ಅನುಮಾನಿಸಬೇಕು?

ಮುಟ್ಟಿನ ಮೊದಲ ಒಂದೆರಡು ದಿನ ಸಣ್ಣಗೆ ಹೊಟ್ಟೆ ನುಲಿಯುವುದು, ಒಂದು ಮಾತ್ರೆಗೋ ಶಾಖಕ್ಕೋ ತಗ್ಗುವುದು ಸಾಮಾನ್ಯ. ಅದಕ್ಕೆ ಗಾಬರಿಪಡಬೇಕಿಲ್ಲ. ಆದರೆ ಕೆಳಗಿನವು ತಿಂಗಳು ತಿಂಗಳೂ ಮರುಕಳಿಸುತ್ತಿದ್ದರೆ ವೈದ್ಯರಲ್ಲಿಗೆ ಹೋಗಲೇಬೇಕು: ಮಾತ್ರೆ ನುಂಗಿದರೂ ಬಗ್ಗದ ನೋವು; ಶಾಲೆ ಕಾಲೇಜು ತಪ್ಪಿಸುವಷ್ಟು ನೋವು; ಮುಟ್ಟಿಗೆ ಮೊದಲೇ ಶುರುವಾಗಿ ನಿಂತ ಮೇಲೂ ಉಳಿಯುವ ನೋವು; ಮುಟ್ಟಿನ ದಿನಗಳಲ್ಲಿ ಮಲ ಅಥವಾ ಮೂತ್ರ ವಿಸರ್ಜಿಸುವಾಗ ನೋವು; ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಾ ಹೋಗುವ ನೋವು. ತಾಯಿಗೋ ಅಕ್ಕನಿಗೋ ಈ ರೋಗವಿದ್ದರೆ ಅನುಮಾನ ಇನ್ನೂ ಬಲವಾಗಬೇಕು. ಇದ್ದಕ್ಕಿದ್ದಂತೆ ಸಹಿಸಲಾಗದ ನೋವು, ವಾಂತಿ, ತಲೆಸುತ್ತಿ ಬೀಳುವುದು ಕಂಡರೆ ಮಾತ್ರ ಕಾಯಬಾರದು. ಅಂಡಾಶಯ ತಿರುಚಿಕೊಂಡಿರಬಹುದು, ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು.

ಹಿಂದೆ ಈ ರೋಗವನ್ನು ಖಚಿತಪಡಿಸಲು ಒಂದೇ ದಾರಿಯಿತ್ತು. ಅರಿವಳಿಕೆ ಕೊಟ್ಟು, ಹೊಕ್ಕುಳ ಬಳಿ ಸಣ್ಣ ರಂಧ್ರ ಮಾಡಿ, ಲ್ಯಾಪರೊಸ್ಕೋಪ್ ಎಂಬ ದರ್ಶಕ ನಳಿಗೆಯನ್ನು ಒಳಗಿಳಿಸಿ ಕಣ್ಣಾರೆ ನೋಡುವುದು. ಹದಿನಾರರ ಹುಡುಗಿಗೆ ಆಪರೇಷನ್ ಎಂದರೆ ಯಾವ ತಂದೆತಾಯಿ ಒಪ್ಪುತ್ತಾರೆ? ಹಾಗಾಗಿ ರೋಗವನ್ನು ಹುಡುಕುವುದೇ ಮುಂದಕ್ಕೆ ಹೋಗುತ್ತಿತ್ತು. 2022ರಲ್ಲಿ ಯುರೋಪಿನ ಸಂತಾನಶಾಸ್ತ್ರ ತಜ್ಞರ ಸಂಘ ಹೊರಡಿಸಿದ ಮಾರ್ಗಸೂಚಿ ಈ ಕ್ರಮವನ್ನು ಬದಲಿಸಿತು. ಮೊದಲು ರೋಗಿಯ ಮಾತು, ಆಮೇಲೆ ಸ್ಕ್ಯಾನ್ ಚಿತ್ರ. ಚಿತ್ರದಲ್ಲಿ ಏನೂ ಕಾಣದಿದ್ದರೆ ಅಥವಾ ಔಷಧಿಗೆ ನೋವು ಬಗ್ಗದಿದ್ದರೆ ಮಾತ್ರ ದರ್ಶಕ ನಳಿಗೆ. ದೇಹವನ್ನು ಕೊಯ್ಯದೆ, ಚುಚ್ಚದೆ ಚಿತ್ರ ತೆಗೆಯುವ ವಿಧಾನಗಳಿಗೆ ಇಷ್ಟು ಮಹತ್ವ ಬಂದದ್ದು ಹೀಗೆ.

ಸದ್ದಿನಿಂದ ಚಿತ್ರ

ಇವುಗಳಲ್ಲಿ ಮೊದಲನೆಯದು ಅಲ್ಟ್ರಾಸೌಂಡ್. ಮನುಷ್ಯನ ಕಿವಿಗೆ ಸೆಕೆಂಡಿಗೆ 20ರಿಂದ 20 ಸಾವಿರ ಕಂಪನಗಳ ಸದ್ದು ಮಾತ್ರ ಕೇಳುತ್ತದೆ. ಹೊಟ್ಟೆಯ ಸ್ಕ್ಯಾನ್‌ನಲ್ಲಿ ಬಳಸುವುದು ಸೆಕೆಂಡಿಗೆ ಸುಮಾರು 20 ಲಕ್ಷದಿಂದ 50 ಲಕ್ಷ ಕಂಪನಗಳ ಶ್ರವಣಾತೀತ ಧ್ವನಿ. ಬಾವಲಿ ಕತ್ತಲಲ್ಲಿ ಕೂಗಿ, ಮರುದನಿ ಕೇಳಿ ದಾರಿ ಕಂಡುಕೊಳ್ಳುವಂತೆ ಯಂತ್ರವೂ ಒಳಗಿನ ಅಂಗಗಳಿಂದ ಬರುವ ಮರುದನಿಯನ್ನು ಚಿತ್ರವಾಗಿಸುತ್ತದೆ. ಎಕ್ಸ್‌ರೇಯಂತೆ ಇದರಲ್ಲಿ ವಿಕಿರಣವಿಲ್ಲ.

ಮದುವೆಯಾಗದ ಮಗಳನ್ನು ಸ್ಕ್ಯಾನ್ ಕೇಂದ್ರಕ್ಕೆ ಕರೆದೊಯ್ಯಲು ಅನೇಕ ತಾಯಂದಿರು ಅಂಜುತ್ತಾರೆ. 'ಸ್ಕ್ಯಾನ್ ಎಂದರೆ ಬಸಿರು' ಎಂಬ ಭಾವನೆ ಊರಲ್ಲಿದೆ. 1994ರ ಕಾಯಿದೆಯಂತೆ ಪ್ರತಿ ಕೇಂದ್ರದಲ್ಲೂ ಇರಲೇಬೇಕಾದ 'ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ' ಎಂಬ ಫಲಕ ಈ ಭಾವನೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಯಾರಾದರೂ ನೋಡಿದರೆ ಏನೆಂದುಕೊಂಡಾರು ಎಂಬ ಭಯ. ಆದರೆ ಅದೇ ಯಂತ್ರ ಮೂತ್ರಪಿಂಡದ ಕಲ್ಲನ್ನೂ ಪಿತ್ತಕೋಶದ ಕಲ್ಲನ್ನೂ ನೋಡುತ್ತದೆ. ಗ್ಲಾಸ್ಗೋ ನಗರದ ವೈದ್ಯ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಈ ವಿಧಾನದ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧದ ವಿಷಯವೇ ಹೊಟ್ಟೆಯ ಗಡ್ಡೆಗಳ ಪರೀಕ್ಷೆ. ಅದಕ್ಕೂ ಮೊದಲು ಅವರು ಕಾರ್ಖಾನೆಯೊಂದರಲ್ಲಿ ಲೋಹದ ಬಿರುಕು ಹುಡುಕುವ ಯಂತ್ರದಿಂದ ಗಡ್ಡೆಗಳನ್ನು ಪರೀಕ್ಷಿಸಿ ನೋಡಿದ್ದರು. ಗುಣವಾಗದ ಕ್ಯಾನ್ಸರ್ ಎಂದು ಕೈಬಿಟ್ಟಿದ್ದ ಒಬ್ಬ ಮಹಿಳೆಯ ಹೊಟ್ಟೆಯಲ್ಲಿದ್ದುದು ತೆಗೆದುಹಾಕಬಹುದಾದ ಅಂಡಾಶಯದ ನೀರುಗುಳ್ಳೆ ಎಂದು ಈ ಯಂತ್ರ ತೋರಿಸಿಕೊಟ್ಟಿತು. ಆದ್ದರಿಂದ ಸ್ಕ್ಯಾನ್ ಕೋಣೆಗೆ ಹೋಗಲು ನಾಚಿಕೆಪಡಬೇಕಾದ್ದು ಏನೂ ಇಲ್ಲ.

ಮದುವೆಯಾಗದ ಹುಡುಗಿಯರಿಗೆ ಸಾಮಾನ್ಯವಾಗಿ ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನ್ ಮಾಡುತ್ತಾರೆ. ಇದಕ್ಕೆ ಮೂತ್ರಕೋಶ ತುಂಬಿರಬೇಕು. ತುಂಬಿದ ಮೂತ್ರಕೋಶ ಕರುಳನ್ನು ಪಕ್ಕಕ್ಕೆ ತಳ್ಳಿ, ಸದ್ದಿನ ಅಲೆಗಳಿಗೆ ನೀರಿನ ಕಿಟಕಿಯಂತಾಗುತ್ತದೆ. ಹಳ್ಳಿಯಿಂದ ಬರುವವರು ಬಸ್ಸು ಹತ್ತುವ ಮೊದಲೇ ನೀರು ಕುಡಿದು ದಾರಿಯಲ್ಲಿ ಒದ್ದಾಡುವುದು ಬೇಡ. ಕೇಂದ್ರ ತಲುಪಿ, ಸರದಿ ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡು, ಒಂದು ಗಂಟೆ ಮೊದಲು ಮೂರು ನಾಲ್ಕು ಲೋಟ ನೀರು ಕುಡಿದರೆ ಸಾಕು. ಮದುವೆಯಾದವರಲ್ಲಿ ಯೋನಿಮಾರ್ಗದ ಸ್ಕ್ಯಾನ್ ಹೆಚ್ಚು ಸ್ಪಷ್ಟ ಚಿತ್ರ ಕೊಡುತ್ತದೆ. ಯಾವ ಬಗೆಯ ಸ್ಕ್ಯಾನ್ ಆದರೂ ಮೊದಲು ವಿವರಿಸಿ ಒಪ್ಪಿಗೆ ಪಡೆಯಬೇಕು. ತಾಯಿಯೋ ನರ್ಸೋ ಜೊತೆಗಿರಬೇಕೆಂದು ಕೇಳುವ ಹಕ್ಕು ನಿಮ್ಮ ಮಗಳಿಗಿದೆ.

ಸ್ಕ್ಯಾನ್‌ಗೆ ಕಾಣುವುದು, ಕಾಣದಿರುವುದು

ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿಕೊಂಡ ಗುಳ್ಳೆಯಿದ್ದರೆ ಅಲ್ಟ್ರಾಸೌಂಡ್ ಅದನ್ನು ಚೆನ್ನಾಗಿ ಗುರುತಿಸುತ್ತದೆ. ಒಳಗಿನ ದ್ರವ ಕಂದು ಬಣ್ಣದ್ದಾದ್ದರಿಂದ ವೈದ್ಯರು ಇದನ್ನು ಚಾಕೊಲೇಟ್ ಸಿಸ್ಟ್ ಎನ್ನುತ್ತಾರೆ. ತೆರೆಯ ಮೇಲೆ ಅದು ಉಜ್ಜಿದ ಗಾಜಿನಂತೆ ಒಂದೇ ಸಮನೆ ಮಬ್ಬಾಗಿ ಕಾಣುತ್ತದೆ. ಕರುಳು ಅಥವಾ ಮೂತ್ರಕೋಶದ ಗೋಡೆಯೊಳಕ್ಕೆ ಇಳಿದ ಗಂಟುಗಳನ್ನು ಪಳಗಿದ ಕೈ ಗುರುತಿಸಬಲ್ಲದು. ಆರೋಗ್ಯವಾಗಿರುವ ಗರ್ಭಕೋಶ ಹಿಂದಿನ ಕರುಳಿನ ಮೇಲೆ ಸರಾಗವಾಗಿ ಜಾರುತ್ತದೆ. ಜಾರದೆ ನಿಂತರೆ ಅಂಟಿಕೊಂಡಿದೆ ಎಂದು ತಿಳಿಯಬಹುದು. ಇದನ್ನು ನೋಡುವುದು ಯೋನಿಮಾರ್ಗದ ಸ್ಕ್ಯಾನ್‌ನಲ್ಲಿ.

ಕಾಣದೆ ಉಳಿಯುವುದು ಯಾವುದು? ಹೊಟ್ಟೆಯ ಒಳಪದರದ ಮೇಲೆ ತೆಳುವಾಗಿ ಹರಡಿದ ಸಣ್ಣ ಚುಕ್ಕೆಗಳು. ಇವು ಕೆಲವು ಮಿಲಿಮೀಟರಿನಷ್ಟೇ ಇರುತ್ತವೆ. ಗಡ್ಡೆಯೂ ಅಲ್ಲ, ಗುಳ್ಳೆಯೂ ಅಲ್ಲ. ಆದ್ದರಿಂದ ಇವುಗಳ ಮರುದನಿ ಸುತ್ತಲಿನ ಅಂಗಾಂಶಗಳ ಮರುದನಿಯಲ್ಲೇ ಕಲೆತುಹೋಗುತ್ತದೆ. ಹದಿಹರೆಯದವರಲ್ಲಿ ಹೆಚ್ಚಾಗಿ ಇರುವುದು ಇದೇ ಬಗೆ. ಅಂದರೆ ಯಾವ ವಯಸ್ಸಿನಲ್ಲಿ ನೋವನ್ನು ನಂಬುವುದು ಅತ್ಯಗತ್ಯವೋ ಅದೇ ವಯಸ್ಸಿನಲ್ಲಿ ಸ್ಕ್ಯಾನ್ ಸುಮ್ಮನಿರುವ ಸಂಭವ ಹೆಚ್ಚು. ಇನ್ನೊಂದು ಮಾತು. ಚುಕ್ಕೆ ಚಿಕ್ಕದೆಂದು ನೋವೂ ಚಿಕ್ಕದಾಗಿರುವುದಿಲ್ಲ. ರೋಗದ ಹರವಿಗೂ ನೋವಿನ ತೀವ್ರತೆಗೂ ನೇರ ಲೆಕ್ಕವಿಲ್ಲ. ನೋವಿನ ಮಾತ್ರೆಗೂ ಹಾರ್ಮೋನು ಚಿಕಿತ್ಸೆಗೂ ಬಗ್ಗದ ನೋವಿರುವ ಹದಿಹರೆಯದವರನ್ನು ದರ್ಶಕ ನಳಿಗೆಯಿಂದ ಪರೀಕ್ಷಿಸಿದಾಗ ಮೂರರಲ್ಲಿ ಎರಡು ಪಾಲು ಮಂದಿಯಲ್ಲಾದರೂ ಎಂಡೊಮೆಟ್ರಿಯೋಸಿಸ್ ಕಾಣುತ್ತದೆ ಎಂದು ಅಮೆರಿಕದ ಸ್ತ್ರೀರೋಗ ತಜ್ಞರ ಸಂಘ 2018ರಲ್ಲಿ ಹೇಳಿದೆ.

ಹಾಗಾದರೆ ಸ್ಕ್ಯಾನ್ ದಂಡವೇ? ಖಂಡಿತ ಅಲ್ಲ. ಅದು ಬೇರೆ ಕಾರಣಗಳನ್ನು ತೋರಿಸುತ್ತದೆ. ಕೆಲವು ಹುಡುಗಿಯರಲ್ಲಿ ಹುಟ್ಟಿನಿಂದಲೇ ಗರ್ಭಕೋಶದ ರಚನೆಯಲ್ಲಿ ಲೋಪವಿದ್ದು, ರಕ್ತ ಹೊರಬರುವ ದಾರಿ ಮುಚ್ಚಿರುತ್ತದೆ. ಇದು ತಿಳಿದರೆ ಸರಿಪಡಿಸಬಹುದು. ಆದ್ದರಿಂದ ಸ್ಕ್ಯಾನ್ ಮಾಡಿಸಲೇಬೇಕು. ಆದರೆ 'ನಾರ್ಮಲ್' ಎಂಬ ಪದವನ್ನು 'ದೊಡ್ಡ ಗುಳ್ಳೆ, ಗಡ್ಡೆ ಕಾಣಲಿಲ್ಲ' ಎಂದಷ್ಟೇ ಓದಿಕೊಳ್ಳಬೇಕು. 'ರೋಗವಿಲ್ಲ' ಎಂದಲ್ಲ, 'ನೋವಿಲ್ಲ' ಎಂದಂತೂ ಅಲ್ಲವೇ ಅಲ್ಲ.

ಅಯಸ್ಕಾಂತದ ಕಣ್ಣು

ಎರಡನೆಯದು ಎಂಆರ್‌ಐ. ನಮ್ಮ ದೇಹದ ಬಹುಪಾಲು ನೀರು. ನೀರಿನಲ್ಲಿರುವ ಹೈಡ್ರೋಜನ್ ಪರಮಾಣುಗಳ ಬೀಜಗಳು ಪುಟ್ಟ ದಿಕ್ಸೂಚಿಗಳಂತೆ ವರ್ತಿಸುತ್ತವೆ. ಬಲವಾದ ಅಯಸ್ಕಾಂತದ ಕೊಳವೆಯಲ್ಲಿ ಮಲಗಿಸಿ ರೇಡಿಯೋ ತರಂಗಗಳನ್ನು ಹಾಯಿಸಿದಾಗ ಅವು ಕೊಡುವ ಸಂಕೇತಗಳಿಂದ ಕಂಪ್ಯೂಟರ್ ಚಿತ್ರ ಕಟ್ಟುತ್ತದೆ. ಸಾಮಾನ್ಯವಾಗಿ ಬಳಸುವ 1.5 ಟೆಸ್ಲಾ ಯಂತ್ರದ ಕಾಂತಬಲ ಭೂಮಿಯ ಕಾಂತಬಲದ ಸುಮಾರು 30 ಸಾವಿರ ಪಟ್ಟು. ಈ ವಿಧಾನಕ್ಕಾಗಿ ಪಾಲ್ ಲಾಟರ್ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಬಹುಮಾನ ಸಂದಿತು. ಇದರಲ್ಲೂ ವಿಕಿರಣವಿಲ್ಲ.

ಹಳೆಯ ರಕ್ತದಲ್ಲಿರುವ ಕಬ್ಬಿಣದ ಅಂಶದಿಂದಾಗಿ ಚಾಕೊಲೇಟ್ ಸಿಸ್ಟ್ ಕೆಲವು ಎಂಆರ್‌ಐ ಚಿತ್ರಗಳಲ್ಲಿ ಬೆಳ್ಳಗೆ ಹೊಳೆಯುತ್ತದೆ. ಆಳಕ್ಕಿಳಿದ ಗಂಟುಗಳು, ಗರ್ಭಕೋಶದ ಹುಟ್ಟುದೋಷಗಳು ಸ್ಪಷ್ಟವಾಗಿ ಕಾಣುತ್ತವೆ. ಯೋನಿಮಾರ್ಗದ ಸ್ಕ್ಯಾನ್ ಮಾಡಲಾಗದ ಹುಡುಗಿಯರಿಗೆ ಇದು ದೊಡ್ಡ ಅನುಕೂಲ. ಪರೀಕ್ಷೆಗೆ ಅರ್ಧ ಗಂಟೆಗೂ ಹೆಚ್ಚು ಹಿಡಿಯಬಹುದು, ಯಂತ್ರ ಗಡಗಡ ಸದ್ದು ಮಾಡುತ್ತದೆ. ಓಲೆ, ಬಳೆ, ಹೇರ್‌ಪಿನ್, ಸೇಫ್ಟಿ ಪಿನ್ ಎಲ್ಲ ತೆಗೆದಿಡಬೇಕು. ದೇಹದಲ್ಲಿ ಲೋಹದ ತುಂಡು ಅಥವಾ ಉಪಕರಣವಿದ್ದರೆ ಮೊದಲೇ ಹೇಳಬೇಕು. ಇದಕ್ಕೆ ಖರ್ಚು ಹೆಚ್ಚು, ಸಾಮಾನ್ಯವಾಗಿ ಶಿವಮೊಗ್ಗದಂಥ ದೊಡ್ಡ ಊರಿಗೇ ಹೋಗಬೇಕು. ಎಲ್ಲರಿಗೂ ಇದು ಬೇಕಿಲ್ಲ. ಮತ್ತೆ, ತೆಳುವಾದ ಚುಕ್ಕೆಗಳು ಇದರ ಕಣ್ಣನ್ನೂ ತಪ್ಪಿಸುತ್ತವೆ. ಅಂದಮೇಲೆ ಸಾಲ ಮಾಡಿ ಎಂಆರ್‌ಐ ಮಾಡಿಸಿ, 'ಇದರಲ್ಲೂ ಏನೂ ಇಲ್ಲ' ಎಂದು ಮಗಳನ್ನು ಗದರಿಸುವುದು ಎರಡು ಪಟ್ಟು ನಷ್ಟ. ಸಿ.ಟಿ. ಸ್ಕ್ಯಾನ್ ಈ ರೋಗವನ್ನು ಹುಡುಕಲು ತಕ್ಕುದಲ್ಲ, ಅದರಲ್ಲಿ ವಿಕಿರಣವೂ ಇದೆ. ಸಿಎ-125 ಎಂಬ ರಕ್ತಪರೀಕ್ಷೆಯಿಂದಲೂ ರೋಗ ನಿರ್ಧಾರವಾಗದು.

ಕಾಣದ ಚುಕ್ಕೆಗಳನ್ನು ಕಾಣಿಸುವ ಪ್ರಯತ್ನಗಳು ನಡೆದಿವೆ. ಆಸ್ಟ್ರೇಲಿಯದ ಅಡಿಲೇಡ್ ವಿಶ್ವವಿದ್ಯಾನಿಲಯದಲ್ಲಿ ಅಲ್ಟ್ರಾಸೌಂಡ್ ಮತ್ತು ಎಂಆರ್‌ಐ ಚಿತ್ರಗಳನ್ನು ಕೃತಕ ಬುದ್ಧಿಮತ್ತೆಯಿಂದ ಒಟ್ಟಾಗಿ ಓದಿಸುವ ಯೋಜನೆ ಕೈಗೊಂಡಿದ್ದಾರೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ, ಹೊಸದಾಗಿ ಹುಟ್ಟುವ ರಕ್ತನಾಳಗಳಿಗೆ ಅಂಟಿಕೊಳ್ಳುವ ವಸ್ತುವೊಂದಕ್ಕೆ ಅಲ್ಪ ವಿಕಿರಣ ಸೇರಿಸಿ, ರಕ್ತಕ್ಕೆ ಕೊಟ್ಟು ರೋಗದ ಜಾಗವನ್ನು ಹುಡುಕುವ ಪ್ರಯೋಗ ನಡೆದಿದೆ. ಇವು ಸಂಶೋಧನೆಯ ಮಾತು. ನಮ್ಮ ಹುಡುಗಿಯರು ಅದಕ್ಕಾಗಿ ಕಾಯುತ್ತ ಕೂರಬೇಕಿಲ್ಲ.

ನೀವು ಮಾಡಬೇಕಾದ್ದು

ಮೊದಲನೆಯದಾಗಿ, ವಿದ್ಯಾರ್ಥಿನಿಯರೇ, ಒಂದು ಹಳೆಯ ನೋಟ್‌ಬುಕ್ ತೆಗೆದುಕೊಳ್ಳಿ. ಮುಟ್ಟಾದ ದಿನ, ನೋವು ಶುರುವಾದ ದಿನ, ಎಲ್ಲಿ ನೋವು, ಸೊನ್ನೆಯಿಂದ ಹತ್ತರಲ್ಲಿ ಎಷ್ಟು ನೋವು, ಯಾವ ಮಾತ್ರೆ ತೆಗೆದುಕೊಂಡಿರಿ, ಎಷ್ಟು ಕಡಿಮೆಯಾಯಿತು, ಎಷ್ಟು ದಿನ ಕಾಲೇಜು ತಪ್ಪಿತು ಎಂದು ಮೂರು ತಿಂಗಳು ಬರೆದಿಡಿ. ವೈದ್ಯರಿಗೆ ಈ ಹಾಳೆ ಸ್ಕ್ಯಾನ್ ಚಿತ್ರದಷ್ಟೇ ಬೆಲೆಯುಳ್ಳದ್ದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದು ಸ್ನೇಹ ಕ್ಲಿನಿಕ್ ಇದೆ, ಅಲ್ಲಿಂದ ಆರಂಭಿಸಬಹುದು. ಹೆಚ್ಚಿನ ತಪಾಸಣೆ ಬೇಕಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿದೆ.

ಎರಡನೆಯದಾಗಿ, ಸ್ಕ್ಯಾನ್‌ಗೆ ಚೀಟಿ ಬರೆಸುವಾಗ ಬರೀ 'ಹೊಟ್ಟೆನೋವು' ಎಂದು ಬೇಡ. 'ಮುಟ್ಟಿನ ತೀವ್ರ ನೋವು, ಎಂಡೊಮೆಟ್ರಿಯೋಸಿಸ್ ಅನುಮಾನ' ಎಂದು ಬರೆಯುವಂತೆ ವೈದ್ಯರನ್ನು ಕೇಳಿ. ಏನು ಹುಡುಕಬೇಕೆಂದು ಗೊತ್ತಿದ್ದ ಕಣ್ಣಿಗೆ ಹೆಚ್ಚು ಕಾಣುತ್ತದೆ.

ಮೂರನೆಯದಾಗಿ, ವರದಿ ನಾರ್ಮಲ್ ಬಂದರೂ ಚಿಕಿತ್ಸೆ ನಿಲ್ಲಬಾರದು. ನೋವಿನ ಮಾತ್ರೆಯನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ, ಸರಿಯಾದ ಹೊತ್ತಿಗೆ ತೆಗೆದುಕೊಳ್ಳಬೇಕು. ಅದರಿಂದ ಆಗದಿದ್ದರೆ ಹಾರ್ಮೋನು ಮಾತ್ರೆ ಕೊಡುತ್ತಾರೆ. 'ಅಯ್ಯೋ, ಇದು ಮಕ್ಕಳಾಗದಂತೆ ತಡೆಯುವ ಮಾತ್ರೆ ಅಲ್ಲವೇ?' ಎಂದು ತಾಯಂದಿರು ಬೆಚ್ಚುತ್ತಾರೆ. ಇಲ್ಲಿ ಅದು ನೋವಿನ ಔಷಧಿ. ನಿಲ್ಲಿಸಿದ ಮೇಲೆ ಮುಟ್ಟು ಮೊದಲಿನಂತೆ ಮರಳುತ್ತದೆ. ರೋಗವನ್ನು ಬೇರುಸಹಿತ ಕಿತ್ತುಹಾಕುವ ಔಷಧಿ ಇಲ್ಲ ನಿಜ. ಆದರೆ ನೋವನ್ನು ಹತೋಟಿಯಲ್ಲಿಟ್ಟು ಓದು, ಕೆಲಸ ನಡೆಸಿಕೊಂಡು ಹೋಗಬಹುದು.

'ಮದುವೆ ಮಾಡಿಬಿಡಿ, ಒಂದು ಮಗುವಾದರೆ ಎಲ್ಲ ಸರಿಹೋಗುತ್ತದೆ' ಎಂಬ ಸಲಹೆಯನ್ನು ಮಾತ್ರ ಕಿವಿಗೆ ಹಾಕಿಕೊಳ್ಳಬೇಡಿ. ಮದುವೆ ಈ ರೋಗಕ್ಕೆ ಔಷಧಿಯಲ್ಲ. ಓದು ಬಿಡಿಸಿ ಮದುವೆ ಮಾಡಿದರೆ ಹುಡುಗಿಯ ಪಾಲಿಗೆ ಓದೂ ಇಲ್ಲ, ನೋವೂ ಉಳಿಯಿತು ಎಂದಾಗುತ್ತದೆ. ಈ ರೋಗವಿದ್ದವರಲ್ಲಿ ಕೆಲವರಿಗೆ ಗರ್ಭ ನಿಲ್ಲುವುದು ಕಷ್ಟವಾಗಬಹುದು, ಆದರೆ ಅನೇಕರು ತಾಯಂದಿರಾಗಿದ್ದಾರೆ. ಸಂಬಂಧ ತಪ್ಪೀತೆಂದು ರೋಗ ಮುಚ್ಚಿಡುವುದಕ್ಕಿಂತ ಬೇಗ ಚಿಕಿತ್ಸೆ ಕೊಡಿಸುವುದು ಮೇಲು.

ಕಡೆಯದಾಗಿ ಶಿಕ್ಷಕರಿಗೆ ಒಂದು ಮಾತು. ತಿಂಗಳಿಗೆ 3 ದಿನವೆಂದರೆ ಹತ್ತು ತಿಂಗಳಿಗೆ 30 ದಿನ. ಪಿಯುಸಿ ಪರೀಕ್ಷೆಗೆ ಕೂರಲು ಶೇಕಡಾ 75ರಷ್ಟು ಹಾಜರಿ ಬೇಕು. ಕೇರಳ 2023ರ ಜನವರಿಯಲ್ಲಿ ತನ್ನ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿನಿಯರಿಗೆ ಈ ಮಿತಿಯನ್ನು ಶೇಕಡಾ 73ಕ್ಕೆ ಇಳಿಸಿತು. ನಮ್ಮ ರಾಜ್ಯದ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿದ ವರ್ಷಕ್ಕೆ 12 ದಿನಗಳ ಮುಟ್ಟಿನ ರಜೆ ದುಡಿಯುವ ಮಹಿಳೆಯರಿಗೆ ಸೇರಿದ್ದು, ಕಾಲೇಜಿನ ಹಾಜರಿಗೆ ಸಂಬಂಧಿಸಿದ್ದಲ್ಲ. ಆದ್ದರಿಂದ ಒಬ್ಬಳೇ ಹುಡುಗಿ ತಿಂಗಳು ತಿಂಗಳೂ ಅದೇ ಹೊತ್ತಿಗೆ ತಪ್ಪಿಸಿಕೊಳ್ಳುತ್ತಿದ್ದರೆ, ಶಿಕ್ಷಕಿಯೊಬ್ಬರು ಅವಳನ್ನು ಪಕ್ಕಕ್ಕೆ ಕರೆದು ಮೆಲ್ಲನೆ ವಿಚಾರಿಸಲಿ. ಎಷ್ಟೋ ಸಲ ರೋಗದ ಮೊದಲ ಸುಳಿವು ಸಿಗುವುದು ಸ್ಕ್ಯಾನ್ ಕೋಣೆಯಲ್ಲಲ್ಲ, ತರಗತಿಯಲ್ಲೇ. ಯಂತ್ರ ನೋಡುವುದು ಅಂಗಗಳನ್ನು. ನೋವು ಎಷ್ಟಿದೆ ಎಂಬುದನ್ನು ಆ ಹುಡುಗಿಯೇ ಹೇಳಬೇಕು, ನಾವು ನಂಬಬೇಕು.